ನೈಜೀರಿಯಾದ ಪಾಲುಪಟ್ಟಿ

ನಮ್ಮ ಮನೆಯ ಅಕ್ಕಿ ಡಬ್ಬದ ಮೇಲೆ ಒಂದು ಹಾಳೆ ಅಂಟಿದೆ. ಅಂಟಿಸಿದವಳು ಮೊಮ್ಮಗಳು ಪಲ್ಲವಿ, ಏಳನೇ ಇಯತ್ತೆ. ಅಂಟಿಸಿದ್ದು ಗಂಜಿಯಿಂದ. ಮೇಲೆ ನೀಲಿ ಶಾಯಿಯಲ್ಲಿ ‘ನೈಜೀರಿಯಾ ದೇಶದ ಅತಿ ದೊಡ್ಡ ರಾಜ್ಯಗಳು’ ಎಂದು ದಪ್ಪಗೆ ಬರೆದಿದ್ದಾಳೆ. ಕೆಳಗೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತ ಐದು ಹೆಸರು: ನೈಜರ್, ಬೊರ್ನೊ, ತರಾಬಾ, ಕಡೂನಾ, ಬೌಚಿ. ಸಿಂಧನೂರಿನಲ್ಲಿ ಶಾಲೆ ಶಾಲೆಗಳ ನಡುವೆ ಸಾಮಾನ್ಯ ಜ್ಞಾನದ ಸ್ಪರ್ಧೆಯಂತೆ. ಓದುವ ವಿಷಯಗಳನ್ನು ಮಕ್ಕಳೇ ಹಂಚಿಕೊಂಡಿದ್ದಾರೆ, ಇವಳ ಪಾಲಿಗೆ ಆಫ್ರಿಕಾ ಬಂದಿದೆ. ದಿನಕ್ಕೆ ಎರಡು ಸಲ ಕಣ್ಣು ತಪ್ಪದೆ ಬೀಳುವ ಜಾಗ ಅಕ್ಕಿ ಡಬ್ಬವೊಂದೇ ಎಂದು ಅಲ್ಲಿ ಅಂಟಿಸಿದಳು. ಅವಳಿಗೆ ಬಾಯಿಪಾಠವಾಯಿತೋ ಇಲ್ಲವೋ, ಅವಳ ತಾಯಿಗಂತೂ ಆಗಿದೆ. ಎರಡು ಸೇರು ಅಕ್ಕಿ ಅಳೆಯುವಷ್ಟರಲ್ಲಿ ನಮ್ಮ ಸೊಸೆ ನೈಜರಿನಿಂದ ಬೌಚಿಗೆ ಹೋಗಿ ಬಂದಿರುತ್ತಾಳೆ.

ನಾನು ಮೂರನೇ ಇಯತ್ತೆ ಕಲಿತವನು. ನನ್ನ ಓದು ಕಲ್ಲುಹೊಲದಲ್ಲಿ ನೇಗಿಲು ಹೊಡೆದ ಹಾಗೆ, ಗೇಣಿಗೊಮ್ಮೆ ತಟ್ಟಿ ನಿಲ್ಲುತ್ತದೆ. ಆದರೆ ಮೊನ್ನೆ ಆ ಹಾಳೆಯ ಎರಡನೇ ಹೆಸರಿನ ಮೇಲೆ ನಾನು ನಿಂತದ್ದು ಓದಲು ಬಾರದ್ದಕ್ಕಲ್ಲ. ಹಳೆಯ ಗೆಳೆಯನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡ ಹಾಗಾಗಿ ನಿಂತೆ. ಪಲ್ಲವಿಯನ್ನು ಕರೆದು, ನಿನ್ನ ಈ ಬೊರ್ನೊ ಮತ್ತು ಬೌಚಿ ಮೊದಲು ಒಂದೇ ಹೊಲವಾಗಿದ್ದವು ಎಂದೆ. ಜೊತೆಗೆ ಗೊಂಗೋಲ ಎಂದು ಇನ್ನೊಂದಿತ್ತು, ಅದನ್ನು ಎಲ್ಲಿ ಬಿಟ್ಟೆ, ಮೂರೂ ಪಾಲಾಗದೆ ಇದ್ದಿದ್ದರೆ ಈ ನೈಜರಿಗೆ ಮೊದಲ ಸಾಲು ಸಿಗುತ್ತಿರಲಿಲ್ಲ ಎಂದೂ ಸೇರಿಸಿದೆ. ಅವಳು ಮುಖ ಮುಖ ನೋಡಿದಳು. ಮುದುಕನಿಗೆ ಬಿಸಿಲು ತಾಗಿದೆ ಎಂದುಕೊಂಡಿರಬೇಕು. ಮೊಬೈಲು ತಂದು ಒತ್ತಿದಳು, ಉಜ್ಜಿದಳು. ಆಮೇಲೆ ಅವಳ ಹುಬ್ಬು ಮೇಲೇರಿದ್ದು ಇನ್ನೂ ಇಳಿದಿಲ್ಲ. ನಾನು ಹೇಳಿದ್ದು ನಿಜವಿತ್ತು. ಗೊಂಗೋಲವೂ ಮುಂದೆ ಒಡೆದು ಎರಡಾಗಿ, ಅದರಲ್ಲೊಂದು ಇದೇ ಹಾಳೆಯ ಮೂರನೇ ಹೆಸರು ತರಾಬಾ ಆಗಿ ಕುಳಿತಿತ್ತು. ಅದು ನನಗೂ ಹೊಸ ಸುದ್ದಿ. ಐದರಲ್ಲಿ ಮೂರು ಒಂದೇ ಮನೆಯವು.

“ದೊಡ್ಡಜ್ಜ, ನಿನಗ ಇದು ಹ್ಯಾಂಗ ಗೊತ್ತು?” ಎಂದಳು.

ನೋಡಿ, ನನ್ನ ಇಷ್ಟು ವರ್ಷದ ಬಾಳಿನಲ್ಲಿ ಪುಸ್ತಕ ಹಿಡಿದವರು ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಆ ಹೊತ್ತು ಎದೆ ಉಬ್ಬಿದ್ದು ಅಂಗಿಯ ಗುಂಡಿಗೆ ಗೊತ್ತು. ಇಂಥ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಹೇಳಿ ಮುಗಿಸುವಷ್ಟು ದಡ್ಡ ನಾನಲ್ಲ. ನೀವೂ ಸಾವಕಾಶ ಕುಳಿತುಕೊಳ್ಳಿ.

ತುರ್ವಿಹಾಳಕ್ಕೆ ಕಾಲುವೆ ಬರುವ ಕಾಲದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಓವರ್‌ಸೀರ್ ಒಬ್ಬರು ಬಾಡಿಗೆಗಿದ್ದರು. ಊರಿಗೆಲ್ಲ ಅವರು ರಾಯರು. ಅವರ ಬಳಿ ಮೂರು ಕಾಲಿನ ಒಂದು ದುರ್ಬೀನು ಇತ್ತು. ಅದನ್ನು ನಿಲ್ಲಿಸಿ, ದೂರದಲ್ಲಿ ಪಟ್ಟೆ ಪಟ್ಟೆಯ ಕೋಲು ಹಿಡಿದವನನ್ನು ನೋಡಿ ನೆಲದ ಏರು ತಗ್ಗು ಬರೆದುಕೊಳ್ಳುತ್ತಿದ್ದರು. ಕೋಲು ಹಿಡಿಯುವವನು ನಾನು. ಒಮ್ಮೆ ಬೇಡಿಕೊಂಡು ನಾನೂ ದುರ್ಬೀನಿನಲ್ಲಿ ಕಣ್ಣಿಟ್ಟೆ. ಅದರೊಳಗೆ ಲೋಕವೆಲ್ಲ ತಲೆಕೆಳಗು. ನಮ್ಮ ಊರಿನ ಗೌಡರು ಕಾಲು ಮೇಲೆ ಮಾಡಿ ಆಕಾಶದ ಮೇಲೆ ನಡೆದು ಬರುತ್ತಿದ್ದರು, ತಲೆಗೆ ಸುತ್ತಿದ ಪಟಗ ಮಾತ್ರ ಬೀಳುತ್ತಿರಲಿಲ್ಲ. ಅಂದಿನಿಂದ ಗೌಡರು ಎದುರಿಗೆ ಬಂದಾಗಲೆಲ್ಲ ನನಗೆ ನಗು ತಡೆಯುವುದೇ ಕೆಲಸವಾಯಿತು. ಒಂದು ಸಲ ತಡೆಯಲಾರದೆ ನಕ್ಕು, ಹಲ್ಲುನೋವು ಎಂದು ಸುಳ್ಳು ಹೇಳಿದ್ದಕ್ಕೆ ಗೌಡರು ಲವಂಗ ಕೊಟ್ಟು ಕಳಿಸಿದರು.

ನೆಲವನ್ನು ನಾವು ಅಳೆಯುತ್ತಿದ್ದುದೇ ಬೇರೆ. ಒಂದು ದಿನದಲ್ಲಿ ಬಿತ್ತಿ ಮುಗಿಸುವಷ್ಟು ನೆಲವೆಂದರೆ ಒಂದು ಕೂರಿಗೆ ಹೊಲ. ಎಕರೆ ಗುಂಟೆ ಎಲ್ಲ ಕಾಗದದ ಮಾತು. ರಾಯರು ಎಷ್ಟೋ ಸಲ ಸರಪಳಿ ಹಿಡಿದು ತೋರಿಸಿದರೂ ನಮ್ಮಪ್ಪ, ನಿಮ್ಮ ಸರಪಳಿಗೆ ಎತ್ತಿನ ದಣಿವು ಗೊತ್ತಾಗುತ್ತದೆಯೇ ಎಂದು ಕೇಳಿ ಗೆದ್ದು ಬಿಡುತ್ತಿದ್ದ.

ಕಾಲುವೆ ನಮ್ಮ ಹೊಲದ ನಡುವೆಯೇ ಹಾದುಹೋಯಿತು. ಮೇಲೆ ಮೂರು ಕೂರಿಗೆ ಉಳಿಯಿತು, ಕೆಳಗೆ ಒಂದು ಕೂರಿಗೆ ಮತ್ತು ಒಂದು ಹೊತ್ತಿನ ನೆಲ. ನೀರು ಮೇಲಕ್ಕೆ ಹತ್ತುವುದಿಲ್ಲ. ಹಾಗಾಗಿ ಮೇಲಿನದು ಖುಷ್ಕಿ, ಅಂದರೆ ಮಳೆ ಬಂದರೆ ಜೋಳ. ಕೆಳಗಿನದು ತರಿ, ತೂಬು ಎತ್ತಿದರೆ ಭತ್ತ. ಕಾಲುವೆಯ ನೀರಿಗೆಂದು ಬಂದು ಕ್ಯಾಂಪು ಕಟ್ಟಿ ನೆಲೆಸಿದ್ದ ಆಂಧ್ರದವರು ಗದ್ದೆ ಮಾಡುವುದನ್ನು ಬದುವಿನ ಮೇಲೆ ಕುಳಿತು ನೋಡಿ ಕಲಿತೆವು. ರಾಯರಿಗೆ ನಮ್ಮೂರಿನ ಕೆಲಸ ಮುಗಿಯಿತು. ಅವರು ಹಡಗು ಹತ್ತಿ ನೈಜೀರಿಯಾಕ್ಕೆ ಹೋದರು, ಅಲ್ಲಿಯೂ ನೆಲದ ಏರು ತಗ್ಗು ನೋಡುವುದಕ್ಕೆ. ದುರ್ಬೀನಿನಲ್ಲಿ ಅಲ್ಲಿಯ ಗೌಡರೂ ತಲೆಕೆಳಗಾಗಿ ಬರುತ್ತಿರಬಹುದು ಎಂದು ನಾನು ಬಹಳ ದಿನ ಯೋಚಿಸಿದೆ.

ಇಲ್ಲಿ ನನ್ನ ತಮ್ಮ ದುರುಗಪ್ಪನ ಮಾತು ಹೇಳಬೇಕು. ಪಲ್ಲವಿ ಅವನ ಮೊಮ್ಮಗಳು. ಅವನು ಸಣ್ಣಜ್ಜ, ನಾನು ದೊಡ್ಡಜ್ಜ. ನನ್ನದು, ಅವನದು ಎಂದು ಬೇರೆ ಮಾಡಿ ಹೇಳುತ್ತ ಕುಳಿತರೆ ಅವನೂ ಮೊಮ್ಮಗಳೂ ಇಬ್ಬರೂ ಬೈಯುತ್ತಾರೆ.

ನಮ್ಮಲ್ಲಿ ಒಂದು ರೂಢಿ. ಏನೇ ಪಾಲು ಮಾಡಲಿ, ಹಿರಿಯನು ಪಾಲು ಹಾಕಬೇಕು, ಕಿರಿಯನು ಆರಿಸಬೇಕು. ಹಿರಿಯನಿಗೆ ಕೈ ಇದೆ, ಕಿರಿಯನಿಗೆ ಕಣ್ಣು ಇದೆ. ಹೆಚ್ಚು ಕಡಿಮೆ ಮಾಡಿದರೆ ಕಡಿಮೆಯದು ತನಗೇ ಉಳಿಯುತ್ತದೆ ಎಂಬ ಭಯಕ್ಕೆ ಹಿರಿಯನು ನೆಟ್ಟಗೆ ನಡೆಯುತ್ತಾನೆ. ಕೋರ್ಟು ಕಚೇರಿ ಬೇಡ. ಅವ್ವ ನಮಗಿಬ್ಬರಿಗೂ ಒಂದು ರೊಟ್ಟಿ ಕೊಟ್ಟರೆ ನಾನು ಮುರಿಯುತ್ತಿದ್ದೆ, ದುರುಗ ಆರಿಸುತ್ತಿದ್ದ. ಅವನ ಗುಣವೆಂದರೆ, ಕಣ್ಣು ಮುಚ್ಚಿ ದೊಡ್ಡದನ್ನು ಎತ್ತಿಕೊಳ್ಳುವುದು. ದೊಡ್ಡದು ಸುಟ್ಟು ಕರಕಾಗಿದ್ದರೂ ಅದೇ ಬೇಕು. ನಾಲ್ಕು ದಿನ ನೋಡಿದೆ. ಐದನೇ ದಿನದಿಂದ ಕರಕೆಲ್ಲ ದೊಡ್ಡ ತುಂಡಿಗೆ ಹೋಗುವ ಹಾಗೆ ಮುರಿಯತೊಡಗಿದೆ. ಮೆತ್ತಗಿನ ಸಣ್ಣ ತುಂಡು ನನಗೆ. ರೂಢಿಗೂ ಭಂಗವಿಲ್ಲ, ನನಗೂ ನಷ್ಟವಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟೆನೆಂದು ಯಾರೂ ನನ್ನ ಬುದ್ಧಿಯನ್ನು ಕಡಿಮೆ ಎಣಿಸಬಾರದು.

ಅಪ್ಪ ತೀರಿಹೋದ ಮೇಲೆ ದುರುಗನಿಗೆ ಹೆಣ್ಣು ಗೊತ್ತಾಯಿತು, ಮಸ್ಕಿಯ ಕಡೆಯದು. ಆ ಕಡೆಯೆಲ್ಲ ಮಳೆಯನ್ನೇ ನಂಬಿದ ಬೆದ್ದಲು ಸೀಮೆ. ಹೆಣ್ಣಿನ ಅಪ್ಪ ಬಂದವನು, ಹುಡುಗನ ಪಾಲಿಗೆ ಎಷ್ಟು ಹೊಲ ಎಂದು ಕೇಳಿದ. ಪಾಲು ಆಗಿಯೇ ಇರಲಿಲ್ಲ, ಏನು ಹೇಳುವುದು. ಮುಂದಿನ ಸೋಮವಾರ ಪಾಲು ಮಾಡಿಬಿಡೋಣ ಎಂದು ಅವ್ವ ತೀರ್ಮಾನ ಮಾಡಿದಳು.

ಆ ವಾರವೇ ರಾಯರ ಕಾಗದ ಬಂತು. ಏಳನೆಯ ತನಕ ಕಲಿತ ದುರುಗನೇ ಮನೆಗೆಲ್ಲ ಓದುವವನು. ಕಟ್ಟೆಯ ಮೇಲೆ ಕುಳಿತು ಓದಿದ. ಒಳಗೊಂದು ನಕಾಶೆಯನ್ನು ರಾಯರು ಕೈಯಲ್ಲೇ ಬಿಡಿಸಿದ್ದರು. ಆ ದೇಶದಲ್ಲಿ ಹನ್ನೆರಡು ರಾಜ್ಯಗಳಿವೆ, ನಾನಿರುವುದು ಈಶಾನ್ಯ ಮೂಲೆಯದರಲ್ಲಿ, ಹನ್ನೆರಡರಲ್ಲಿ ಇದೇ ದೊಡ್ಡದು, ನಮ್ಮ ಇಡೀ ಮೈಸೂರು ರಾಜ್ಯ ಇದರ ಹೊಟ್ಟೆಯಲ್ಲಿ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ ಎಂದು ಬರೆದಿದ್ದರು. ಅದು ಎಷ್ಟು ಕೂರಿಗೆಯಾದೀತು ಎಂದು ಲೆಕ್ಕ ಹಾಕಲು ಕುಳಿತೆವು. ನಾವು ಬಿತ್ತಲು ಹಿಡಿದರೆ, ಮೊಮ್ಮಗನ ಮೊಮ್ಮಗ ಕೊನೆಯ ಸಾಲು ಮುಗಿಸುವ ಹೊತ್ತಿಗೆ ಮೊದಲ ಸಾಲಿನ ತೆನೆಯನ್ನು ಗುಬ್ಬಿ ತಿಂದು, ಆ ಗುಬ್ಬಿಯ ವಂಶವೂ ಮುಗಿದಿರುತ್ತದೆ ಎಂದು ದುರುಗ ಹೇಳಿದ.

ಕಾಗದದಲ್ಲಿ ಇನ್ನೂ ಇತ್ತು. ಇಷ್ಟು ದೊಡ್ಡ ರಾಜ್ಯಕ್ಕೆ ನೀರು ಇರುವುದು ಒಂದು ಮೂಲೆಯ ಕೆರೆಯಲ್ಲಿ, ಸಮುದ್ರದಂಥ ಕೆರೆ, ಚಾಡ್ ಎಂದು ಹೆಸರು. ಅದರ ಸುತ್ತ ನೀರು ಹೊರಹೋಗಲು ದಾರಿ ಇಲ್ಲದ ಕಡೆ ನೆಲ ಉಪ್ಪಿನ ಹಾಗೆ ಬೆಳ್ಳಗಾಗುತ್ತದೆ, ಜನ ಅದನ್ನು ಕೆರೆದು ಸಂತೆಯಲ್ಲಿ ಮಾರುತ್ತಾರೆ, ದನಕ್ಕೆ ನೆಕ್ಕಿಸುತ್ತಾರೆ. ಅಮರಪ್ಪ, ಅದನ್ನು ಕಂಡು ನಿಮ್ಮ ಕೆಳಗಿನ ಹೊಲ ನೆನಪಾಯಿತು, ಹೆಚ್ಚಾದ ನೀರು ಇಳಿದುಹೋಗಲು ಅದರ ತಳಮೂಲೆಯಿಂದ ಹಳ್ಳಕ್ಕೆ ಒಂದು ಬಸಿಗಾಲುವೆ...

ನಾನು ಅಲ್ಲಿಗೆ ಕೈ ಎತ್ತಿದೆ. ಮಣ್ಣಿನ ಮಾತು ನನಗೆ ಹೇಳಿಕೊಡಬೇಕೇ, ಅದನ್ನು ಬಿಡು, ಅದು ಎಷ್ಟು ದೊಡ್ಡದು ಎಂಬುದನ್ನು ಇನ್ನೊಮ್ಮೆ ಓದು ಎಂದೆ. ದುರುಗ ಆ ಸಾಲು ಬಿಟ್ಟು, ದೊಡ್ಡದರ ಸಾಲನ್ನು ಮೂರು ಸಲ ಓದಿದ. ಓದುವಾಗ ಅವನ ಕಣ್ಣು ಹೊಳೆಯುತ್ತಿದ್ದುದನ್ನು ನಾನು ನೋಡಿದೆ. ನೋಡಿ, ಸೋಮವಾರದ ಪಾಲು ಮನಸ್ಸಿನಲ್ಲೇ ಹಾಕಿಬಿಟ್ಟೆ.

ಸೋಮವಾರ ಪಂಚರು ಕುಳಿತರು. ಕಾಲುವೆಯ ಮೇಲಿನದೆಲ್ಲ ಒಂದು ಪಾಲು, ಕೆಳಗಿನದೊಂದು ಪಾಲು ಎಂದೆ. ಪ್ರತಿಯೊಂದರಲ್ಲೂ ಅರ್ಧರ್ಧ ಹಾಕಬಹುದಿತ್ತು, ಹಾಕಬೇಕಿತ್ತು. ಪಂಚರಲ್ಲೊಬ್ಬ ನನ್ನ ಮುಖ ನೋಡಿದ. ಆದರೆ ಆರಿಸುವವನು ಕಿರಿಯ, ಅವರಿಗೆ ಮಾತಿಲ್ಲ. ದುರುಗ ಎದ್ದು ನಿಂತು, ಮೂರು ಕೂರಿಗೆ ನಂದು ಎಂದ. ಗಂಟಲಿನಲ್ಲಿ ಎಂಥ ಗತ್ತು! ಮಸ್ಕಿಯ ಮಾವ ಅಲ್ಲಿಯೇ ಕುಳಿತು ಮೀಸೆ ಸವರಿಕೊಂಡ. ಪಾಲುಪಟ್ಟಿ ಬರೆದು ಹೆಬ್ಬೆಟ್ಟು ಸಹಿ ಆದವು. ನನಗೆ ಮೆತ್ತಗಿನ ತುಂಡು ಸಿಕ್ಕಿತ್ತು.

ಮನೆ ಒಂದೇ, ಒಲೆ ಎರಡಾದವು. ನನ್ನ ಗದ್ದೆ ವರ್ಷಕ್ಕೆ ಎರಡು ಬೆಳೆ ಕೊಟ್ಟಿತು. ಚೀಲ ಹೇರಿದ ಬಂಡಿಯನ್ನು ಸಿಂಧನೂರಿನ ಗಿರಣಿಗೆ ಹೊಡೆದುಕೊಂಡು ಹೋಗುವಾಗ ಬೇಕೆಂದೇ ನಡುದಾರಿಯಲ್ಲಿ ಹೋಗುತ್ತಿದ್ದೆ. ನೀರು ಎಷ್ಟಿದ್ದರೂ ನನಗೆ ಸಾಲದು. ತಲತಲಾಂತರದಿಂದ ಮುಗಿಲು ನೋಡಿದ ವಂಶಕ್ಕೆ, ನೀರು ಹೆಚ್ಚಾಗುವುದು ಎಂದರೇನು ಎಂದು ಹೇಗೆ ಗೊತ್ತಾಗಬೇಕು? ಬೇಡವಾದಾಗಲೂ ತೂಬು ಮುಚ್ಚಲು ಮನಸ್ಸು ಬರುತ್ತಿರಲಿಲ್ಲ, ಮನೆಗೆ ಬಂದ ಲಕ್ಷ್ಮಿಗೆ ಬಾಗಿಲು ಹಾಕಿದ ಹಾಗೆ ಅನ್ನಿಸುತ್ತಿತ್ತು. ನನ್ನ ಹೆಂಡತಿ ಈರಮ್ಮ ಲಿಂಗಸುಗೂರು ಕಡೆಯ ಸಂತೆಕಲ್ಲೂರಿನವಳು, ಜೋಳದ ನಾಡಿನವಳು. ರಾಯರ ಕಾಗದ ಓದುವಾಗ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು.

“ನೀರು ಅಂದ್ರ ಬೀಗರು ಇದ್ದಂಗ,” ಎನ್ನುತ್ತಿದ್ದಳು. “ಬಂದ್ರ ಚೊಲೋ. ಹೋಗಾಕ ದಾರಿ ಬಿಡದಿದ್ರ ಮನಿ ಹಾಳು.”

ನಿಮ್ಮೂರಲ್ಲಿ ಬೀಗರು ಬಂದರೆ ಕೊಡಲು ನೀರೇ ಇಲ್ಲ, ನಿನಗೇನು ಗೊತ್ತು ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ.

ಮೂರೋ ನಾಲ್ಕೋ ವರ್ಷ ಕಳೆದಿರಬೇಕು. ಒಂದು ಬೇಸಿಗೆಯಲ್ಲಿ ತಳಮೂಲೆಯಲ್ಲಿ ಕಂಬಳಿ ಹಾಸಿದಷ್ಟು ಜಾಗ ಬೆಳ್ಳಗಾಯಿತು. ನಾನು ಬೂದಿ ಎಂದೆ. ಮರುವರ್ಷ ಅದು ಕಣದಷ್ಟಾಯಿತು. ಯಾರೋ ಸುಣ್ಣ ಚೆಲ್ಲಿದ್ದಾರೆ ಎಂದೆ. ಅದರ ಮರುವರ್ಷ ಅರ್ಧ ಗದ್ದೆಯಲ್ಲಿ ಸಸಿ ತುದಿ ಕೆಂಪಾಗಿ, ಕುಳಿತಲ್ಲೇ ಸುಟ್ಟುಹೋಯಿತು. ಉಳಿದರ್ಧದಲ್ಲಿ ಕಾಲಿಟ್ಟರೆ ಮೊಳಕಾಲು ಮುಳುಗುವ ಜವುಗು. ಆಗ ಹೇಳಲು ಸುಳ್ಳು ಉಳಿಯಲಿಲ್ಲ. ಈ ಕಡೆ ಸವಳು ಎನ್ನುತ್ತಾರೆ, ನೆಲದ ಉಪ್ಪು ಮೇಲೆದ್ದು ಬರುವುದಕ್ಕೆ. ನನ್ನ ಮನೆಯಲ್ಲಿ ಉಣ್ಣುವ ಬಾಯಿ ಆರು. ಕಣಜದಲ್ಲಿದ್ದದ್ದು ಎರಡು ತಿಂಗಳಿಗೆ ಸಾಕಾಗುವಷ್ಟು.

ಕಾಲುವೆ ದಂಡೆ ಹತ್ತಿದರೆ ಮೇಲೆ ತಮ್ಮನ ಜೋಳ ನಿಂತಿತ್ತು. ಕೇಳಿದರೆ ಕೊಡುತ್ತಿದ್ದ. ಆದರೆ ಕೇಳುವ ಬಾಯಿ ನನಗೆಲ್ಲಿತ್ತು? ಕರಕು ತುಂಡು ಅವನ ಕಡೆ ತಳ್ಳಿದವನು ನಾನು. ಅದೇ ತುಂಡಿನಲ್ಲಿ ಈಗ ತುತ್ತು ಕೇಳುವುದು ಹೇಗೆ. ಅವನು ದಂಡೆಯ ಮೇಲೆ ಬರುವುದು ಕಂಡರೆ ನಾನು ಹಳ್ಳದ ಕಡೆ ಇಳಿದು ಬಿಡುತ್ತಿದ್ದೆ. ಒಂದೇ ಮನೆಯಲ್ಲಿದ್ದು, ಒಂದೇ ಅವ್ವನ ಮುಂದೆ ಕುಳಿತು ಉಂಡು, ಎರಡು ತಿಂಗಳು ತಮ್ಮನ ಕಣ್ಣಿಗೆ ಕಣ್ಣು ಕೊಡದೆ ಕಳೆದೆ. ಅದು ಎಷ್ಟು ಕಷ್ಟದ ಕೆಲಸವೆಂದು ಗದ್ದೆ ಮಾಡಿದವರಿಗೂ ಗೊತ್ತಿಲ್ಲ.

ಆಗಲೇ ರಾಯರ ಎರಡನೆಯ ಕಾಗದ ಬಂದದ್ದು. ನಮ್ಮಿಬ್ಬರ ಹೆಸರಿಗೂ ಇತ್ತು. ದುರುಗ ಅದನ್ನು ಹಿಡಿದು ನನ್ನನ್ನು ಹುಡುಕುತ್ತ ಗದ್ದೆಗೇ ಬಂದ. ಬದುವಿನ ಮೇಲೆ ಕುಳಿತು ಓದಿದ. ನಾವಿದ್ದ ದೊಡ್ಡ ರಾಜ್ಯವನ್ನು ಮೂರು ಪಾಲು ಮಾಡಿದರು, ಬೊರ್ನೊ, ಬೌಚಿ, ಗೊಂಗೋಲ, ಈಗ ನಾನು ಬೊರ್ನೊದವನು, ಕೆರೆಯೂ ಬೊರ್ನೊದ ಪಾಲಿಗೇ ಬಂತು ಎಂದು ರಾಯರು ಬರೆದಿದ್ದರು.

“ನೀರೆಲ್ಲ ಬೊರ್ನೊಗ ಹೋತು ನೋಡಣ್ಣ,” ಎಂದು ದುರುಗ ನಕ್ಕ.

ಅವನು ನಕ್ಕದ್ದು ಕಾಗದಕ್ಕೆ. ನನಗೆ ಚುಚ್ಚಿದ್ದು ಎದೆಗೆ. ಅವನ ಕಾಲ ಕೆಳಗೆ ನನ್ನ ಗದ್ದೆ ಮೈಯೆಲ್ಲ ಬೆಳ್ಳಗಾಗಿ ಬಿದ್ದಿತ್ತು. ತಡೆಯದಾಯಿತು.

“ದುರುಗ, ನಾ ನಿನಗ ಮೋಸ ಮಾಡೀನಿ.”

“ಯಾವಾಗ?”

“ಪಾಲಿನಾಗ. ನೀ ದೊಡ್ಡದ ಆರಿಸ್ತಿ ಅಂತ ಗೊತ್ತಿದ್ದೇ ಹಾಂಗ ಹಾಕಿದ್ನಿ.”

ಅವನು ಕಾಗದ ಮಡಚಿ ಜೇಬಿನಲ್ಲಿಟ್ಟ. ಅವಸರವೇನೂ ಇರಲಿಲ್ಲ ಅವನಿಗೆ.

“ನೀ ಸಣ್ಣದಕ್ಕ ಕಾಯ್ಕೊಂಡು ಕುಂತೀದಿ ಅಂತ ನನಗೂ ಗೊತ್ತಿತ್ತು. ರೊಟ್ಟ್ಯಾಗ ಕರಕೆಲ್ಲ ನನ್ನ ಕಡಿಗೆ ಮುರೀತಿದ್ದಿ, ನಾ ಏನು ಕುರುಡನೇನು? ನನಗ ಕರಕ ರೊಟ್ಟಿನ ರುಚಿ, ಅಣ್ಣ. ಮೂರು ಕೂರಿಗಿ ಹೊಲದಾಗ ನಿಂತ್ರ ನನಗ ಮುಗಿಲು ಪೂರಾ ಕಾಣ್ತೈತಿ. ಈ ಕೆಸರಿನಾಗ ಯಾವಂಗ ಬೇಕಾಗಿತ್ತು? ನನಗ ಬೇಕಾದ್ದು ನನಗ, ನಿನಗ ಬೇಕಾದ್ದು ನಿನಗ. ಇದನ್ನ ಮೋಸ ಅಂತಾರೇನು?”

ಅವನು ಬಗ್ಗಿ, ಬಿಳಿ ಮಣ್ಣನ್ನು ಬೆರಳ ತುದಿಯಲ್ಲಿ ಎತ್ತಿ ನಾಲಿಗೆಗೆ ಇಟ್ಟುಕೊಂಡ.

“ರಾಯರು ಕಾಗದದಾಗ ಬರದಿದ್ದ ಉಪ್ಪ ಐತಿ ಇದು. ಮಸ್ಕಿ ಸಂತಿಗೆ ಒಯ್ದು ಮಾರೋಣೇನು?” ಎಂದ. ಆಮೇಲೆ ನಗು ನಿಲ್ಲಿಸಿ ಹೇಳಿದ, “ತಪ್ಪು ಮಾಡೀದಿ, ಇಲ್ಲ ಅನ್ನಂಗಿಲ್ಲ. ಬಸಿಗಾಲುವಿ ಸಾಲು ಓದಬ್ಯಾಡ ಅಂದೆಲ್ಲ, ಅದು ತಪ್ಪು. ನಾಳೆ ಸಲಿಕಿ ತಗೊಂಡು ಬಾ. ಅಲ್ಲೀತನಕ ಮ್ಯಾಲಿನ ಜ್ವಾಳ ಎರಡೂ ಒಲಿಗೆ ಹೋಗ್ಲಿ.”

ಆ ಬೇಸಿಗೆಯೆಲ್ಲ ತಳಮೂಲೆಯಿಂದ ಹಳ್ಳದ ತನಕ ಅಣ್ಣ ತಮ್ಮ ಅಗೆದೆವು. ಈರಮ್ಮ ಮತ್ತು ದುರುಗನ ಹೆಂಡತಿ ಬುಟ್ಟಿಯಲ್ಲಿ ಮಣ್ಣು ಹೊತ್ತರು. ಹೊರುವಾಗ ಈರಮ್ಮ ಬೀಗರ ಮಾತು ಒಂದು ಸಲವೂ ಎತ್ತಲಿಲ್ಲ. ಎತ್ತಿದ್ದರೆ ಹಗುರಾಗುತ್ತಿತ್ತು, ಸುಮ್ಮನಿದ್ದು ಸೇಡು ತೀರಿಸಿಕೊಂಡಳು. ಮಳೆ ಬಿದ್ದಾಗ ಗದ್ದೆಯ ನೀರು ಹಾಲಿನ ಬಣ್ಣದಲ್ಲಿ ಹಳ್ಳಕ್ಕೆ ಇಳಿದುಹೋಯಿತು. ಅದು ಹೋಗುವುದನ್ನು ನಿಂತು ನೋಡಿದೆ. ನೀರು ಹೋಗುವುದನ್ನು ಕಂಡು ಖುಷಿಪಟ್ಟದ್ದು ನಮ್ಮ ವಂಶದಲ್ಲಿ ನಾನೇ ಮೊದಲಿಗನು. ಎರಡು ವರ್ಷ ಕಳೆದು ಸಸಿ ಮತ್ತೆ ಹಸಿರು ನಿಂತಿತು. ಅಷ್ಟರಲ್ಲಿ ಯಾವ ಒಲೆಯ ಮೇಲೆ ಯಾರ ಅನ್ನ ಬೇಯುತ್ತಿದೆ ಎಂಬುದು ಹೆಂಗಸರಿಗೇ ಮರೆತುಹೋಗಿತ್ತು. ಒಂದು ಒಲೆ ಆರಿದ್ದು ಯಾವಾಗ ಎಂದು ಕೇಳಿದರೆ ಯಾರಿಗೂ ನೆನಪಿಲ್ಲ. ಪಾಲುಪಟ್ಟಿ ಇನ್ನೂ ಟ್ರಂಕಿನಲ್ಲಿದೆ. ಸರಕಾರದ ಲೆಕ್ಕಕ್ಕೆ ನಾವು ಬೇರೆ, ಬಿತ್ತುವ ಲೆಕ್ಕಕ್ಕೆ ನಾಲ್ಕು ಕೂರಿಗೆ ಮತ್ತು ಒಂದು ಹೊತ್ತಿನ ನೆಲ, ಒಂದೇ ಹೊಲ.

ಇಷ್ಟನ್ನೂ ಪಲ್ಲವಿಗೆ ಹೇಳಿ ಮುಗಿಸುವಾಗ ಅವಳಿಗೆ ಅರ್ಧ ನಿದ್ದೆ ಬಂದಿತ್ತು ಎಂದು ನನಗೆ ಅನುಮಾನವಿತ್ತು. ಅದು ಸುಳ್ಳಾಯಿತು.

ನಿನ್ನೆ ಸ್ಪರ್ಧೆ ಮುಗಿಸಿ ಸಂಜೆಯ ಬಸ್ಸಿನಲ್ಲಿ ಬಂದಳು. ಮೊದಲ ಬಹುಮಾನ! ಆಫ್ರಿಕಾದ ಸರದಿಯಲ್ಲಿ ನೈಜೀರಿಯಾ ಬಂದೇ ಬಂತಂತೆ. ಅತಿ ದೊಡ್ಡ ರಾಜ್ಯ ಯಾವುದು ಎಂದಾಗ ಇವಳು ನೈಜರ್ ಎಂದಳು. ಎಂದು ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. ಎರಡು, ಮೂರು, ಐದನೆಯವು ಮೊದಲು ಒಂದೇ ಇದ್ದವು ಸರ್, ಒಡೆಯದಿದ್ದರೆ ಅದೇ ಮೊದಲು ಬರುತ್ತಿತ್ತು ಎಂದಳು. ಇದು ಪುಸ್ತಕದಲ್ಲಿಲ್ಲವಲ್ಲ, ಯಾರು ಹೇಳಿದರು ಎಂದು ಆ ಸರ್ ಕೇಳಿದರಂತೆ. ನಮ್ಮ ದೊಡ್ಡಜ್ಜ ಎಂದಳಂತೆ, ಮೈಕಿನಲ್ಲಿ, ಸಿಂಧನೂರಿನ ಅಷ್ಟು ಶಾಲೆಗಳ ಎದುರಿಗೆ. ಮೂರನೇ ಇಯತ್ತೆಯ ಅಮರಪ್ಪನ ಮಾತು ಮೈಕಿನಲ್ಲಿ ಹೋಯಿತು. ಬೆಳಿಗ್ಗೆಯಿಂದ ಊರಿನಲ್ಲಿ ಎಂಟು ಮನೆಗೆ ಹೇಳಿ ಬಂದಿದ್ದೇನೆ. ಒಂಬತ್ತನೆಯವರು ನೀವು.

ಬಹುಮಾನದ ಜೊತೆ ಒಂದು ದೊಡ್ಡ ಲಾಡು ಕೊಟ್ಟಿದ್ದರು. ಅದನ್ನು ತಿನ್ನದೆ ಕಟ್ಟಿಕೊಂಡು ತಂದು ನಮ್ಮಿಬ್ಬರ ನಡುವೆ ಇಟ್ಟಳು.

“ಹಿರಿಯ ನೀನು, ಮುರಿ,” ಎಂದ ದುರುಗ.

ಎಷ್ಟು ನಿಗಾ ಇಟ್ಟು ಮುರಿದರೂ ಒಂದು ದೊಡ್ಡದಾಯಿತು, ಒಂದು ಸಣ್ಣದು. ಪಲ್ಲವಿ ನಮ್ಮಿಬ್ಬರ ಮುಖವನ್ನೂ ಕಣ್ಣು ಬಿಟ್ಟು ನೋಡುತ್ತಿದ್ದಳು. ದುರುಗ ಒಂದು ಗಳಿಗೆಯೂ ಯೋಚಿಸಲಿಲ್ಲ. ಅದೇ ಗತ್ತಿನಲ್ಲಿ, ದೊಡ್ಡದು ನಂದು ಎಂದು ಎತ್ತಿ ಬಾಯಿಗೆ ಹಾಕಿಕೊಂಡ.

ನನಗೆ ಸಕ್ಕರೆ ಕಾಯಿಲೆ. ನಾನು ಕಾಯುತ್ತ ಕುಳಿತದ್ದೂ ಸಣ್ಣದಕ್ಕೇ.